ಕಾವಿನಿಂದ ಎದ್ದ ಹೇಂಟೆ ಮಂಕಾಗಿದೆ: ಏನು ನೋಡಬೇಕು, ಏನು ಮಾಡಬೇಕು?

ಪ್ರಶ್ನೆ: ನಮ್ಮದು ಕೊಪ್ಪ ತಾಲ್ಲೂಕಿನ ಒಂದು ಹಳ್ಳಿ. ಮನೆ ಮಟ್ಟಿಗೆ ಅಂತ ಹತ್ತು ನಾಟಿ ಕೋಳಿ ಸಾಕಿದ್ದೇವೆ. ಅದರಲ್ಲಿ ಎರಡು ವರ್ಷದ ಒಂದು ಹೇಂಟೆ ಸೌದೆ ಕೊಟ್ಟಿಗೆಯ ಹಳೇ ಬುಟ್ಟಿಯಲ್ಲಿ ಕಾವಿಗೆ ಕೂತು ಒಂಬತ್ತು ಮರಿ ಮಾಡಿತು. ಮರಿ ಆಗಿ ಹನ್ನೆರಡು ದಿನ. ಈಗ ಎಂಟು ದಿನದಿಂದ ಹೇಂಟೆ ಮಂಕಾಗಿದೆ. ಪುಕ್ಕ ಉಬ್ಬಿಸಿಕೊಂಡು, ಕಣ್ಣು ಮುಚ್ಚಿಕೊಂಡು ಒಂದೇ ಕಡೆ ನಿಲ್ಲುತ್ತದೆ. ಜುಟ್ಟು ಬಿಳಚಿಕೊಂಡಿದೆ. ಹಿಕ್ಕೆ ಹಸಿರಾಗಿ ನೀರು ನೀರಾಗಿದೆ. ಮೊಟ್ಟೆ ಇಡುತ್ತಿಲ್ಲ. ಎರಡು ಮರಿ ಸತ್ತವು. ಬೇರೆ ಕೋಳಿಗಳು ಚೆನ್ನಾಗಿವೆ. ಪಕ್ಕದ ಮನೆಯವರು ಇದು ಕೊಕ್ಕರೆ ರೋಗ, ಎಲ್ಲವನ್ನೂ ಕೊಯ್ದುಬಿಡಿ ಅನ್ನುತ್ತಾರೆ. ನಮ್ಮ ಯಜಮಾನರು ಮನೆಯಲ್ಲಿ ಉಳಿದಿದ್ದ ಆಂಟಿಬಯಾಟಿಕ್ ಕ್ಯಾಪ್ಸೂಲ್ ಬಿಡಿಸಿ ನೀರಿಗೆ ಹಾಕಿ ಎರಡು ದಿನ ಕುಡಿಸಿದರು. ಏನೂ ಪ್ರಯೋಜನ ಆಗಲಿಲ್ಲ. ಮಳೆ ಬಿಡುತ್ತಿಲ್ಲ. ಸೌದೆ ತರೋಕೆ ಕೊಟ್ಟಿಗೆಗೆ ಹೋದರೆ ನಮಗೂ ಕೈಯೆಲ್ಲ ತುರಿಕೆ. ಈ ಕೋಳಿ ಅಂದರೆ ನನ್ನ ಮಗಳಿಗೆ ಜೀವ. ಮನೆಯಲ್ಲೇ ಏನಾದರೂ ಮಾಡಬಹುದಾ?

ಉತ್ತರ: ಮಾಡಬಹುದು. ಮಾಡಬೇಕಾದ ಕೆಲಸದಲ್ಲಿ ಜಾಸ್ತಿ ಭಾಗ ಮನೆಯಲ್ಲೇ ಇದೆ. ಆದರೆ ಅದಕ್ಕೂ ಮೊದಲು ನಿಮ್ಮ ಪತ್ರದ ಒಂದು ಸಾಲಿಗೆ ವಾಪಸ್ ಹೋಗೋಣ. ಕೊನೆಯಲ್ಲಿ, ಮಳೆ ವಿಷಯ ಹೇಳುತ್ತಾ, ಕೊಟ್ಟಿಗೆಗೆ ಹೋದರೆ ಕೈ ತುರಿಸುತ್ತದೆ ಅಂತ ಬರೆದಿದ್ದೀರಿ. ನಿಮಗೆ ಅದು ಬೇರೆ ತೊಂದರೆ ಅನಿಸಿರಬೇಕು. ನನಗೆ ಇಡೀ ಪತ್ರದಲ್ಲಿ ಅದೇ ಎಲ್ಲಕ್ಕಿಂತ ಮುಖ್ಯವಾದ ಮಾತು. ಕಾವಿಗೆ ಕೂತು ಎದ್ದ ಹೇಂಟೆ, ಬಿಳಚಿದ ಜುಟ್ಟು, ಸತ್ತ ಮರಿಗಳು, ಅದೇ ಜಾಗಕ್ಕೆ ಹೋದ ಮನುಷ್ಯರಿಗೆ ತುರಿಕೆ. ಈ ನಾಲ್ಕನ್ನೂ ಒಟ್ಟಿಗೆ ಇಟ್ಟು ನೋಡಿದರೆ ಮೊದಲು ಅನುಮಾನ ಬರುವುದು ಕೋಳಿ ನುಸಿಯ ಮೇಲೆ. ನಿಮ್ಮ ಹೇಂಟೆಯ ರಕ್ತವನ್ನು ದಿನಾ ರಾತ್ರಿ ಏನೋ ಹೀರುತ್ತಿದೆ.

ಇದು ಅನುಮಾನ ಅಷ್ಟೇ. ಗಟ್ಟಿ ಮಾಡಿಕೊಳ್ಳುವುದಕ್ಕೆ ಇವತ್ತು ರಾತ್ರಿಯೇ ಒಂದು ಪರೀಕ್ಷೆ ಮಾಡಿ. ಕತ್ತಲಾಗಿ ಎರಡು ಗಂಟೆ ಕಳೆದ ಮೇಲೆ ಟಾರ್ಚ್ ಹಿಡಿದು ಹೋಗಿ. ಒಂದು ಬಿಳಿ ಬಟ್ಟೆಯನ್ನು ಕೋಳಿ ಕೂರುವ ಗಳದ ಅಡಿಯಲ್ಲಿ, ಮೂಲೆ ಸಂದುಗಳಲ್ಲಿ, ಕಾವಿಗೆ ಕೂತಿದ್ದ ಬುಟ್ಟಿಯ ಅಂಚಿನಲ್ಲಿ ಒತ್ತಿ ಉಜ್ಜಿ. ಬಟ್ಟೆ ಮೇಲೆ ಕೆಂಪು ಗೀರು ಅಥವಾ ಚುಕ್ಕೆ ಬಿದ್ದರೆ ಅದು ನುಸಿ ಹೊಟ್ಟೆಯಲ್ಲಿದ್ದ ಕೋಳಿ ರಕ್ತ. ನುಸಿ ಒಂದು ಮಿಲಿಮೀಟರಿಗಿಂತ ಚಿಕ್ಕದು. ಹಸಿದಾಗ ಬೂದು ಬಣ್ಣ, ಕುಡಿದ ಮೇಲೆ ಕೆಂಪು. ಒಂದು ಜಾತಿ ಹಗಲಲ್ಲಿ ಮರದ ಸಂದಿನಲ್ಲಿ ಅಡಗಿದ್ದು ರಾತ್ರಿ ಮಾತ್ರ ಕೋಳಿ ಮೇಲೆ ಹತ್ತುತ್ತದೆ. ಅದಕ್ಕೇ ಹಗಲು ಕೋಳಿಯನ್ನು ಎಷ್ಟು ಹುಡುಕಿದರೂ ಅದು ಸಿಗುವುದಿಲ್ಲ. ಇನ್ನೊಂದು ಜಾತಿ ಕೋಳಿ ಮೈ ಮೇಲೆ ಮತ್ತು ಗೂಡಿನಲ್ಲಿ ಹಗಲೂ ಇರುತ್ತದೆ. ಬಾಲದ ಕೆಳಗೆ, ಹಿಕ್ಕೆ ಹಾಕುವ ಜಾಗದ ಸುತ್ತ ಪುಕ್ಕ ಬಿಡಿಸಿ ನೋಡಿದರೆ ಕಪ್ಪು ಕೊಳೆ ಮೆತ್ತಿದ ಹಾಗೆ ಕಾಣುತ್ತದೆ.

ಕಾವಿಗೆ ಕೂತ ಕೋಳಿಗೆ ಇದು ಯಾಕೆ ಇಷ್ಟು ಹೊಡೆತ ಕೊಡುತ್ತದೆ ಗೊತ್ತಾ? ಬೇರೆ ಕೋಳಿಗಳು ರಾತ್ರಿ ಮಾತ್ರ ನುಸಿಗೆ ಸಿಗುತ್ತವೆ. ಹಗಲೆಲ್ಲ ಅಂಗಳ, ತೋಟ ಅಂತ ತಿರುಗಿ, ಮಣ್ಣಲ್ಲಿ ಹೊರಳಿ ಮೈ ಕೊಡವಿಕೊಳ್ಳುತ್ತವೆ. ಕಾವಿಗೆ ಕೂತದ್ದು 21 ದಿನ ಅದೇ ಬುಟ್ಟಿಯಲ್ಲಿ, ಅದೇ ಹುಲ್ಲಿನ ಮೇಲೆ. ದಿನಕ್ಕೆ ಒಂದು ಸಲ ಹದಿನೈದು ಇಪ್ಪತ್ತು ನಿಮಿಷ ಎದ್ದು ತಿಂದು ವಾಪಸ್ ಬಂದು ಕೂರುತ್ತದೆ. ಮೊದಲೇ ಸೊರಗಿರುವ ಮೈ. ಒಂದೂವರೆ ಕೆಜಿ ತೂಕದ ಹೇಂಟೆಯಲ್ಲಿ ಇರುವ ರಕ್ತವೇ ಸುಮಾರು 100 ಮಿಲಿ. ಕಾಫಿ ಕುಡಿಯುವ ಸಣ್ಣ ಲೋಟದಷ್ಟು. ಹತ್ತು ದಿನದ ಮರಿಯಲ್ಲಿ ಒಂದು ಟೀ ಚಮಚದಷ್ಟೂ ಇರುವುದಿಲ್ಲ. ಆ ಮರಿಗಳು ರಾತ್ರಿಯೆಲ್ಲ ತಾಯಿ ರೆಕ್ಕೆ ಕೆಳಗೆ ಮಲಗುತ್ತವೆ. ಅವು ಯಾಕೆ ಮೊದಲು ಸತ್ತವು ಅನ್ನುವುದು ಈಗ ನಿಮಗೇ ಅರ್ಥ ಆಗುತ್ತದೆ.

ಈಗ ಹಸಿರು ಹಿಕ್ಕೆ ವಿಷಯ. ಇದರ ಬಗ್ಗೆ ನಾನು ಸ್ವಲ್ಪ ಜಾಸ್ತಿಯೇ ಹೇಳಬೇಕು. ಹಸಿರು ಹಿಕ್ಕೆ ಕಂಡ ಕೂಡಲೇ ರೋಗದ ಹೆಸರು ಹೇಳಿ ಔಷಧಿ ಕೊಡುವ ತಪ್ಪು ನಮ್ಮ ಕಡೆ ಬಹಳ ನಡೆಯುತ್ತದೆ. ನಾನೂ ಮಾಡಿದ್ದೇನೆ. ಕೆಲಸಕ್ಕೆ ಸೇರಿದ ಹೊಸತು, ಆಲೂರು ಕಡೆ ಒಬ್ಬ ಅಜ್ಜಿ ಬುಟ್ಟಿಯಲ್ಲಿ ಹೇಂಟೆ ತಂದರು. ಹಸಿರು ಹಿಕ್ಕೆ ನೋಡಿದೆ, ಇಂಜೆಕ್ಷನ್ ಕೊಟ್ಟು ಕಳಿಸಿದೆ. ಮೈ ಮುಟ್ಟಿ ನೋಡಲೇ ಇಲ್ಲ. ಮಾರನೇ ದಿನ ಕೋಳಿ ಸತ್ತಿತು. ಕೊಯ್ದು ನೋಡಿದರೆ ಕತ್ತಿನ ಬುಡದ ಮೇವಿನ ಚೀಲದಲ್ಲಿ ಗೋಣಿ ದಾರ ಉಂಡೆಯಾಗಿ ಗಟ್ಟಿ ಕೂತಿತ್ತು. ತಿಂದದ್ದು ಕೆಳಗೆ ಇಳಿಯಲು ದಾರಿಯೇ ಇರಲಿಲ್ಲ. ಬೆರಳಿಟ್ಟು ಮುಟ್ಟಿದ್ದರೆ ಗೊತ್ತಾಗುತ್ತಿತ್ತು. ಆ ಅಜ್ಜಿಯ ಮುಖ ನನಗೆ ಇವತ್ತಿಗೂ ನೆನಪಿದೆ.

ಹೊಟ್ಟೆಗೆ ಮೇವು ಬೀಳದಿದ್ದಾಗ ಕರುಳಿಗೆ ಬರುವ ಪಿತ್ತರಸ ಹಾಗೇ ಹೊರಗೆ ಬರುತ್ತದೆ. ಅದರ ಬಣ್ಣ ಹಸಿರು. ಹಾಗಾಗಿ ಹಸಿರು ಹಿಕ್ಕೆ ಅಂದರೆ ಮೊದಲ ಅರ್ಥ ಇಷ್ಟೇ: ಈ ಕೋಳಿ ಸರಿಯಾಗಿ ತಿನ್ನುತ್ತಿಲ್ಲ. ಯಾಕೆ ತಿನ್ನುತ್ತಿಲ್ಲ ಅನ್ನುವುದನ್ನು ನಾವು ಬೇರೆ ಕಡೆ ಹುಡುಕಬೇಕು. ಹಿಕ್ಕೆ ಮೇಲೆ ಬಿಳಿ ಟೋಪಿ ಇಟ್ಟ ಹಾಗೆ ಇರುವುದು ಕೋಳಿಯ ಮೂತ್ರ, ಅದು ಇರಲೇಬೇಕು. ಎಂಟು ಹತ್ತು ಸಲಕ್ಕೆ ಒಮ್ಮೆ ಕಂದು ಬಣ್ಣದ, ಅಂಟಂಟಾದ, ಕೆಟ್ಟ ವಾಸನೆಯ ಹಿಕ್ಕೆ ಹಾಕುವುದೂ ಸಹಜ. ಹೆದರಬೇಕಾದದ್ದು ರಕ್ತ ಕಂಡರೆ. ಮರಿಗಳಲ್ಲಿ, ಅದರಲ್ಲೂ ಮಳೆಗಾಲದಲ್ಲಿ ರಕ್ತ ಕಂಡರೆ ಅದು ರಕ್ತಭೇದಿ. ಅದಕ್ಕೆ ಔಷಧಿ ಬೇರೆಯೇ ಇದೆ, ಅವತ್ತೇ ಶುರು ಮಾಡಬೇಕು.

ಇದು ಕೊಕ್ಕರೆ ರೋಗ ಯಾಕಲ್ಲ ಅಂತಲೂ ಹೇಳುತ್ತೇನೆ. ನಿಮ್ಮ ನೆರೆಯವರು ಹೆದರಿದ್ದರಲ್ಲಿ ತಪ್ಪಿಲ್ಲ. ಆ ರೋಗ ಒಮ್ಮೆ ಊರಿಗೆ ಬಂದರೆ ಒಡ್ಡಿಗೆ ಒಡ್ಡಿಯೇ ಖಾಲಿ ಆಗುವುದನ್ನು ಮಲೆನಾಡಿನಲ್ಲಿ ಎಲ್ಲರೂ ನೋಡಿದ್ದಾರೆ. ಪುಸ್ತಕದಲ್ಲಿ ಅದಕ್ಕೆ ರಾಣಿಖೇತ್ ರೋಗ ಅನ್ನುತ್ತಾರೆ. 1920ರ ದಶಕದ ಕೊನೆಯಲ್ಲಿ ಕುಮಾವೂನಿನ ರಾಣಿಖೇತ್‌ನಲ್ಲಿ ಇದನ್ನು ಗುರುತಿಸಿದ್ದರಿಂದ ನಮ್ಮ ದೇಶದಲ್ಲಿ ಆ ಹೆಸರು ಬಂತು. ಇಂಗ್ಲೆಂಡಿನಲ್ಲಿ 1926ರಲ್ಲಿ ನ್ಯೂಕ್ಯಾಸಲ್ ಊರಿನ ಹತ್ತಿರ ಕಂಡದ್ದರಿಂದ ಹೊರಗಡೆ ಅದೇ ಹೆಸರು. ವೈರಸ್ ಮೈಗೆ ಸೇರಿ ಸಾಮಾನ್ಯವಾಗಿ ಐದಾರು ದಿನಕ್ಕೆ ರೋಗ ಕಾಣುತ್ತದೆ. ಲಸಿಕೆ ಹಾಕಿಸದ ಹತ್ತು ಕೋಳಿ ಒಟ್ಟಿಗೆ ತಿಂದು, ಒಂದೇ ಪಾತ್ರೆಯಲ್ಲಿ ನೀರು ಕುಡಿದು, ಎಂಟು ದಿನ ಕಳೆದರೂ ಒಂದೇ ಕೋಳಿಗೆ ಕಾಯಿಲೆ ಇದೆ ಅಂದರೆ ಅದು ಕೊಕ್ಕರೆ ರೋಗ ಆಗಿರುವುದು ತುಂಬಾ ಅಪರೂಪ. ಅದು ಬಂದಿದ್ದರೆ ಇಷ್ಟು ಹೊತ್ತಿಗೆ ನಾಲ್ಕಾರು ಕೋಳಿ ಬಾಯಿ ಬಿಟ್ಟು ಉಸಿರು ಎಳೆಯುತ್ತಿದ್ದವು. ಕತ್ತು ತಿರುಚಿಕೊಂಡು, ರೆಕ್ಕೆ ಇಳಿಬಿಟ್ಟುಕೊಂಡು ಬೀಳುತ್ತಿದ್ದವು. ಹಾಗಾಗಿ ಉಳಿದ ಒಂಬತ್ತನ್ನು ಕೊಯ್ಯುವ ಯೋಚನೆ ಬಿಡಿ. ಕಾಯಿಲೆಯ ಕೋಳಿಯನ್ನು ಅಡಿಗೆಗೆ ಬಳಸಲೇಬೇಡಿ. ಮೊದಲೇ ಅದು ರೋಗಿ, ಸಾಲದ್ದಕ್ಕೆ ಅದರ ಹೊಟ್ಟೆಗೆ ಎರಡು ದಿನ ಕ್ಯಾಪ್ಸೂಲ್ ಬೇರೆ ಹೋಗಿದೆ.

ಬರೀ ಅನುಮಾನದ ಮೇಲೆ ನಿಲ್ಲದೆ ಕೋಳಿಯನ್ನು ಒಂದು ಸಲ ಪೂರ್ತಿ ನೋಡಿ. ಹತ್ತು ನಿಮಿಷದ ಕೆಲಸ. ರಾತ್ರಿ ಹಿಡಿದರೆ ಅದು ಗಾಬರಿ ಆಗುವುದಿಲ್ಲ. ಮಡಿಲಲ್ಲಿ ಇಟ್ಟುಕೊಂಡು ರೆಕ್ಕೆ ಎರಡನ್ನೂ ಮೆತ್ತಗೆ ಒತ್ತಿ ಹಿಡಿಯಿರಿ. ಮೊದಲು ಎದೆ ಮೂಳೆ ಸವರಿ. ಅದರ ಎರಡೂ ಕಡೆ ಮಾಂಸ ತುಂಬಿದ್ದರೆ ಕಾಯಿಲೆ ಹೊಸದು. ಮೂಳೆ ಚಾಕುವಿನ ಅಂಚಿನ ಹಾಗೆ ಕೈಗೆ ತಾಗಿದರೆ ವಾರಗಟ್ಟಲೆಯಿಂದ ಸೊರಗಿದೆ ಅಂತ ಅರ್ಥ. ಕೋಳಿ ತನ್ನ ಕಾಯಿಲೆಯನ್ನು ಆದಷ್ಟು ಮುಚ್ಚಿಡುತ್ತದೆ, ಮಂಕಾದದ್ದು ತೋರಿಸಿಕೊಂಡರೆ ಜೊತೆಯ ಕೋಳಿಗಳೇ ಕುಕ್ಕಿ ಓಡಿಸುತ್ತವೆ. ನಮ್ಮ ಕಣ್ಣಿಗೆ ಬೀಳುವ ಹೊತ್ತಿಗೆ ಅದು ಆಗಲೇ ತಡ ಆಗಿರುತ್ತದೆ.

ಆಮೇಲೆ ಮೇವಿನ ಚೀಲ. ಕತ್ತಿನ ಬುಡದಲ್ಲಿ, ಎದೆಯ ಬಲಗಡೆ ಬೆರಳಿಗೆ ಸಿಗುತ್ತದೆ. ಸಂಜೆ ಅದು ತುಂಬಿರಬೇಕು, ಬೆಳಿಗ್ಗೆ ಖಾಲಿ ಇರಬೇಕು. ಬೆಳಿಗ್ಗೆ ಮೇವು ಹಾಕುವ ಮೊದಲೇ ಮುಟ್ಟಿ ನೋಡಿ. ಗಟ್ಟಿ ಉಂಡೆ ಸಿಕ್ಕರೆ ಏನೋ ಸಿಕ್ಕಿಕೊಂಡಿದೆ. ನೀರು ತುಂಬಿದ ಬಲೂನಿನ ಹಾಗಿದ್ದು ಬಾಯಲ್ಲಿ ಹುಳಿ ವಾಸನೆ ಬಂದರೆ ಮೇವು ಒಳಗೇ ಕೊಳೆಯುತ್ತಿದೆ. ಇವೆರಡರಲ್ಲಿ ಯಾವುದಿದ್ದರೂ ಮನೆ ಮದ್ದು ಬೇಡ, ಡಾಕ್ಟರ ಹತ್ತಿರ ಹೋಗಿ. ಕೋಳಿಯನ್ನು ತಲೆಕೆಳಗೆ ಮಾಡಿ ಹಿಂಡಿ ವಾಂತಿ ಮಾಡಿಸುವವರಿದ್ದಾರೆ. ದಯವಿಟ್ಟು ಮಾಡಬೇಡಿ. ಆ ನೀರು ಶ್ವಾಸಕೋಶಕ್ಕೆ ಇಳಿದರೆ ನಿಮ್ಮ ಕೈಯಲ್ಲೇ ಪ್ರಾಣ ಬಿಡುತ್ತದೆ.

ಬಾಯಿ ತೆರೆದು ನೋಡಿ. ಒಳಗಿನ ಬಣ್ಣ ನಸುಗೆಂಪು ಇರಬೇಕು. ನಿಮ್ಮ ಹೇಂಟೆಯದು ಬಿಳಿ ಕಾಗದದ ಹಾಗಿದ್ದರೆ ರಕ್ತ ಕಡಿಮೆ ಆಗಿರುವುದು ಖಾತ್ರಿ. ಹಳದಿ ಕೆನೆ ಮೆತ್ತಿದ ಹಾಗಿದ್ದರೆ ಅದು ಕೋಳಿ ಸಿಡುಬಿನ ಒಂದು ಬಗೆ ಇರಬಹುದು. ಅದರ ಬೆನ್ನಿಗೆ ಕಿವಿ ಇಟ್ಟು ಉಸಿರು ಕೇಳಿಸಿಕೊಳ್ಳಿ. ಗೊರ ಗೊರ ಶಬ್ದ ಇದ್ದರೆ ನಾನು ಇಲ್ಲಿ ಹೇಳುತ್ತಿರುವ ದಾರಿ ನಿಮಗಲ್ಲ, ತಾಲ್ಲೂಕು ಪಶು ಆಸ್ಪತ್ರೆಗೆ ತೋರಿಸಿ. ಇನ್ನು, ಮೈ ಮುಟ್ಟಿ ಜ್ವರ ಬಂದಿದೆ ಅಂತ ತೀರ್ಮಾನ ಮಾಡಬೇಡಿ. ಆರೋಗ್ಯವಾಗಿರುವ ಕೋಳಿಯ ಮೈ ಬಿಸಿಯೇ 41 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ನಮ್ಮ ಕೈಗೆ ಅದು ಯಾವಾಗಲೂ ಜ್ವರದ ಹಾಗೇ. ಅಷ್ಟಕ್ಕೇ ಮನುಷ್ಯರ ಜ್ವರದ ಮಾತ್ರೆ ಅರೆದು ಕುಡಿಸುವವರು ಇದ್ದಾರೆ.

ಮೊಟ್ಟೆ ಇಡುತ್ತಿಲ್ಲ ಅನ್ನುವ ಚಿಂತೆ ಬೇಡ. ಮರಿ ಜೊತೆಗಿರುವ ತಾಯಿಕೋಳಿ ಮೊಟ್ಟೆ ಇಡುವುದಿಲ್ಲ, ಅದು ಕಾಯಿಲೆ ಅಲ್ಲ.

ಎಲ್ಲ ನೋಡಿ, ನುಸಿ ಹೌದು ಅಂತ ಗೊತ್ತಾದರೆ ಕೆಲಸ ಎರಡು ಕಡೆ ನಡೆಯಬೇಕು. ಒಂದು ಕೋಳಿಯ ಮೈಯಲ್ಲಿ, ಇನ್ನೊಂದು ಕೊಟ್ಟಿಗೆಯಲ್ಲಿ. ಕೊಟ್ಟಿಗೆಯದೇ ದೊಡ್ಡ ಕೆಲಸ. ಬರೀ ಕೋಳಿಗೆ ಔಷಧಿ ಹಾಕಿ ಅದೇ ಬುಟ್ಟಿಗೆ ವಾಪಸ್ ಬಿಟ್ಟರೆ ಮೂರನೇ ದಿನಕ್ಕೆ ಮೊದಲಿನ ಹಾಗೇ.

ಕೋಳಿಯಿಂದ ಶುರು ಮಾಡೋಣ. ಇವತ್ತೇ ಅದನ್ನೂ ಮರಿಗಳನ್ನೂ ಕೊಟ್ಟಿಗೆಯಿಂದ ಹೊರಗೆ ತನ್ನಿ. ರಟ್ಟಿನ ದೊಡ್ಡ ಪೆಟ್ಟಿಗೆಗೆ ಒಣಗಿದ ಬತ್ತದ ಹೊಟ್ಟು ಹಾಕಿ. ಹಳೇ ಗೋಣಿ, ಹಳೇ ಹುಲ್ಲು ಬೇಡ, ಅದರಲ್ಲೇ ನುಸಿ ಇರಬಹುದು. ಪೆಟ್ಟಿಗೆಯ ಒಂದು ಬದಿಗೆ 60 ವಾಟಿನ ಹಳೇ ಕಾಲದ ಬಲ್ಬ್ ಕಟ್ಟಿ, ಇನ್ನೊಂದು ಬದಿ ತಂಪಾಗಿರಲಿ. ಬಿಸಿ ಜಾಸ್ತಿ ಆದರೆ ಕೋಳಿ ತಾನೇ ಸರಿದು ಕೂರಬೇಕು. ಬಲ್ಬ್ ರಟ್ಟಿಗೆ, ಹೊಟ್ಟಿಗೆ ತಾಗದಿರಲಿ. ಕೊಪ್ಪದ ಮಳೆಗೆ ಕರೆಂಟ್ ಎಷ್ಟು ಹೊತ್ತು ಇರುತ್ತದೆ ಅನ್ನುವುದು ನನಗೆ ಗೊತ್ತು. ಕರೆಂಟ್ ಇಲ್ಲದಾಗ ಬಾಟಲಿಗೆ ಬಿಸಿನೀರು ತುಂಬಿ ಬಟ್ಟೆ ಸುತ್ತಿ ಪಕ್ಕದಲ್ಲಿಡಿ. ಬಚ್ಚಲು ಒಲೆ ಹತ್ತಿರ ಬೆಚ್ಚಗಿರುತ್ತದೆ ಅಂತ ಇಡಬಹುದು, ಆದರೆ ಹೊಗೆ ತಾಗಬಾರದು. ಕೋಳಿ ಶ್ವಾಸಕೋಶ ಹೊಗೆ ತಡೆಯುವುದಿಲ್ಲ.

ಮೈಗೆ ಹಾಕುವುದಕ್ಕೆ ಪಶು ಆಸ್ಪತ್ರೆಯಲ್ಲಿ ಕೇಳಿದರೆ ಕೋಳಿಗೆ ಆಗುವ ಪರ್ಮೆಥ್ರಿನ್ ಪುಡಿ ಬರೆದುಕೊಡುತ್ತಾರೆ. ರೆಕ್ಕೆ ಕೆಳಗೆ, ಬಾಲದ ಬುಡದಲ್ಲಿ, ಹೊಟ್ಟೆ ಮೇಲೆ ಪುಕ್ಕ ಕೆದರಿ ಚರ್ಮಕ್ಕೆ ತಾಗುವ ಹಾಗೆ ಸವರಬೇಕು. ಕಣ್ಣು, ಮೂಗು ತಪ್ಪಿಸಿ. ಮನೆಯಲ್ಲಿ ಬೆಕ್ಕಿದ್ದರೆ ಹತ್ತಿರ ಬಿಡಬೇಡಿ, ಆ ಪುಡಿ ಬೆಕ್ಕಿಗೆ ವಿಷ. ಪುಡಿ ಸಿಗುವವರೆಗೆ ಒಲೆಯ ಬೂದಿ ಇದೆಯಲ್ಲ, ಅದನ್ನು ಜರಡಿ ಹಿಡಿದು, ಪೂರ್ತಿ ಒಣಗಿದ್ದನ್ನು ಮಾತ್ರ ತೆಗೆದುಕೊಳ್ಳಿ. ಒದ್ದೆ ಬೂದಿ ಚರ್ಮ ಸುಡುತ್ತದೆ. ಬೂದಿಗೆ ಸ್ವಲ್ಪ ಬಜೆ ಪುಡಿ ಬೆರೆಸುವ ರೂಢಿ ಹಿಂದಿನವರಲ್ಲಿ ಇತ್ತು, ಬೆರೆಸಿದರೆ ತಪ್ಪಿಲ್ಲ. ಮರಿಗಳಿಗೆ ಬೂದಿ ಮಾತ್ರ ಸಾಕು, ಅದೂ ತೆಳ್ಳಗೆ. ರಕ್ತ ಕಳೆದುಕೊಂಡ ಕೋಳಿಗೆ ಈ ಚಳಿಯಲ್ಲಿ ಸ್ನಾನ ಮಾಡಿಸಬೇಡಿ.

ಇಲ್ಲಿ ನಾಲ್ಕು ಎಚ್ಚರಿಕೆ ಹೇಳದೆ ಮುಂದೆ ಹೋಗಲಾರೆ. ತೋಟಕ್ಕೆ ತಂದಿಟ್ಟ ಕೀಟನಾಶಕ ಎಷ್ಟೇ ತೆಳ್ಳಗೆ ಮಾಡಿದರೂ ಕೋಳಿಗೆ ಬೇಡ. ಕಾಫಿ ಗಿಡಕ್ಕೆ ಹೊಡೆಯುವ ಕ್ಲೋರ್‌ಪೈರಿಫಾಸ್ ತರಹದ್ದು ಹಕ್ಕಿ ಜಾತಿಗೆ ಬಹಳ ಬೇಗ ಏರುತ್ತದೆ. ಹಾಸನದ ಅರಕಲಗೂಡು ಕಡೆ ಹೊಗೆಸೊಪ್ಪು ನೆನೆಸಿದ ನೀರು ಹಚ್ಚುವವರಿದ್ದಾರೆ. ನಿಕೋಟಿನ್ ಚರ್ಮದಿಂದಲೇ ಒಳಗೆ ಇಳಿಯುತ್ತದೆ, ಪ್ರಮಾಣ ತಪ್ಪಿದರೆ ನುಸಿ ಜೊತೆ ಕೋಳಿಯೂ ಹೋಗುತ್ತದೆ. ದನಕ್ಕೆ ತಂದ ಐವರ್‌ಮೆಕ್ಟಿನ್ ಉಳಿದಿದೆ ಅಂತ ನೀವೇ ಸೂಜಿ ಹಾಕಬೇಡಿ. ಬೇಕು ಅನಿಸಿದರೆ ಡಾಕ್ಟರೇ ತೂಕ ನೋಡಿ ಕೊಡುತ್ತಾರೆ, ಮೊಟ್ಟೆ ಎಷ್ಟು ದಿನ ತಿನ್ನಬಾರದು ಅಂತಲೂ ಹೇಳುತ್ತಾರೆ. ಅಡಿಕೆ, ಮೆಣಸಿಗೆ ಹೊಡೆಯಲು ಕಲಸಿಟ್ಟ ಬೋರ್ಡೋ ದ್ರಾವಣದ ಡ್ರಮ್ ಕೂಡ ಮುಚ್ಚಿಡಿ. ಅದರಲ್ಲಿ ಮೈಲುತುತ್ತ ಇರುತ್ತದೆ, ಆ ನೀರು ಕುಡಿದ ಕೋಳಿಗೂ ಇದೇ ತರಹ ಹಸಿರು ಭೇದಿ ಆಗುತ್ತದೆ.

ಇನ್ನು ಹೊಟ್ಟೆಗೆ. ಮೊದಲ ಒಂದು ದಿನ ನೀರಿನ ಕಡೆ ಗಮನ ಇರಲಿ. ಮೆಡಿಕಲ್ ಅಂಗಡಿಯ ಒಆರ್‌ಎಸ್ ಪೊಟ್ಟಣ ತಂದು, ಅದರ ಮೇಲೆ ಬರೆದಷ್ಟೇ ನೀರಿಗೆ ಕಲಸಿ ಇಡಿ. ಅಂದಾಜಿನ ಮೇಲೆ ಉಪ್ಪು ಹಾಕಬೇಡಿ, ಕೋಳಿಗೆ ಉಪ್ಪು ಜಾಸ್ತಿಯಾದರೆ ವಿಷ. ಕುಡಿಯದಿದ್ದರೆ ಕೊಕ್ಕಿನ ತುದಿಯನ್ನು ನೀರಿಗೆ ಮುಟ್ಟಿಸಿ ಬಿಡಿ. ಅಥವಾ ಕೊಕ್ಕಿನ ಬದಿಗೆ ಒಂದೊಂದೇ ಹನಿ ಬಿಡಿ, ಅದು ನುಂಗಿದ ಮೇಲೆ ಇನ್ನೊಂದು. ಬಾಯಿ ಅಗಲಿಸಿ ಪಿಚಕಾರಿಯಲ್ಲಿ ಸುರಿಯಬೇಡಿ. ಕೋಳಿಯ ಉಸಿರಿನ ತೂತು ನಾಲಿಗೆಯ ಬುಡದಲ್ಲೇ ಇರುತ್ತದೆ.

ತಿನ್ನುವುದಕ್ಕೆ ಬೇಯಿಸಿದ ಮೊಟ್ಟೆ ಪುಡಿ ಮಾಡಿ, ಮೆತ್ತಗಿನ ಅನ್ನದ ಜೊತೆ ಕಲಸಿ. ನುಗ್ಗೆಸೊಪ್ಪು ಸಣ್ಣಗೆ ಹೆಚ್ಚಿ ಸೇರಿಸಿ. ಮನೆಯಲ್ಲಿ ಮಾಂಸ ತಂದ ದಿನ ಒಂದು ಚೂರು ಈಲಿ ಬೇಯಿಸಿ, ಉಪ್ಪು ಖಾರ ಹಾಕದೆ, ಕತ್ತರಿಸಿ ಕೊಡಿ. ರಕ್ತ ಕೂಡುವುದಕ್ಕೆ ಅದಕ್ಕಿಂತ ಒಳ್ಳೆಯದು ಇಲ್ಲ. ಆದರೆ ಒಂದು ವಿಷಯ ಗಮನಿಸಿ. ತಾಯಿಕೋಳಿ ಒಳ್ಳೆ ಮೇವು ಕಂಡರೆ ತಾನು ತಿನ್ನುವುದಿಲ್ಲ. ಕುಟು ಕುಟು ಅಂತ ಮರಿ ಕರೆದು, ಕೊಕ್ಕಿನಿಂದ ಎತ್ತಿ ಅವುಗಳ ಮುಂದೆ ಹಾಕುತ್ತದೆ. ಹಸಿದು ಸಾಯುವ ಹಾಗಿದ್ದರೂ ಹಾಗೇ ಮಾಡುತ್ತದೆ. ನೀವು ಇಟ್ಟ ಮೊಟ್ಟೆಯೆಲ್ಲ ಮರಿ ಹೊಟ್ಟೆಗೆ ಹೋಗಿರುತ್ತದೆ, ನೀವು ಮಾತ್ರ ಹೇಂಟೆ ತಿಂದಿತು ಅಂದುಕೊಂಡಿರುತ್ತೀರಿ. ಅದಕ್ಕೇ ದಿನಕ್ಕೆ ಮೂರು ಸಲ, ಅರ್ಧ ಅರ್ಧ ಗಂಟೆ, ಮರಿಗಳನ್ನು ಬಲ್ಬಿನ ಹತ್ತಿರ ಬೇರೆ ಇಟ್ಟು ಹೇಂಟೆಗೆ ಒಂದಕ್ಕೇ ಮೇವು ಕೊಡಿ. ಮರಿಗಳ ಶಬ್ದ ಕೇಳದಷ್ಟು ದೂರ ಇದ್ದರೆ ಇನ್ನೂ ಒಳ್ಳೆಯದು. ಈ ಕೆಲಸ ನಿಮ್ಮ ಮಗಳಿಗೆ ವಹಿಸಿ, ಪ್ರೀತಿಯಿಂದ ಮಾಡುತ್ತಾಳೆ. ಕೋಳಿ ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯಬೇಕು, ಮುಖಕ್ಕೆ ಒತ್ತಿಕೊಳ್ಳಬಾರದು, ಅಷ್ಟು ಹೇಳಿಕೊಡಿ.

ಆಂಟಿಬಯಾಟಿಕ್ ನಿಲ್ಲಿಸಿ. ನುಸಿಗೆ ಅದು ಏನೂ ಮಾಡುವುದಿಲ್ಲ. ಕೊಕ್ಕರೆ ರೋಗವೇ ಆಗಿದ್ದರೂ ಅದು ವೈರಸ್, ಆ ಕ್ಯಾಪ್ಸೂಲಿಗೆ ಬಗ್ಗುತ್ತಿರಲಿಲ್ಲ.

ಈಗ ಕೊಟ್ಟಿಗೆ. ಆ ಹಳೇ ಬುಟ್ಟಿ ಮತ್ತು ಹುಲ್ಲನ್ನು ದೊಡ್ಡ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಬಾಯಿ ಕಟ್ಟಿ ಹೊರಗೆ ತನ್ನಿ. ಹಾಗೇ ಎತ್ತಿಕೊಂಡು ಬಂದರೆ ದಾರಿಯುದ್ದಕ್ಕೂ ನುಸಿ ಉದುರುತ್ತದೆ, ನಿಮ್ಮ ಸೀರೆಗೂ ಹತ್ತುತ್ತದೆ. ಮಳೆ ಬಿಟ್ಟ ಹೊತ್ತಿನಲ್ಲಿ ಚೀಲದಿಂದ ಬುಟ್ಟಿ, ಹುಲ್ಲು ಸುರಿದು ಸುಟ್ಟುಬಿಡಿ. ಗಳ, ಹಲಗೆ, ಮೂಲೆಗಳಿಗೆ ಕುದಿಯುವ ನೀರು ಹೊಯ್ಯಿರಿ. ಸಂದುಗಳಿಗೆ ಮಣ್ಣು ಮೆತ್ತಿ, ಗೋಡೆಗೆ ಸುಣ್ಣ ಹೊಡೆಯಿರಿ. ಕೊಟ್ಟಿಗೆಗೆ ಸಿಂಪಡಿಸುವ ಔಷಧಿ ಬೇಕಿದ್ದರೆ ಅದನ್ನೂ ಪಶು ಆಸ್ಪತ್ರೆಯಲ್ಲೇ ಕೇಳಿ, ಹೇಳಿದ ಪ್ರಮಾಣದಲ್ಲೇ ಬಳಸಿ. ಹಿತ್ತಲಲ್ಲಿ ತುಡುವೆ ಜೇನಿನ ಪೆಟ್ಟಿಗೆ ಇದ್ದರೆ ಅತ್ತ ಹಾರದ ಹಾಗೆ ನೋಡಿಕೊಳ್ಳಿ. ಉಳಿದ ನೀರನ್ನು ಹಳ್ಳಕ್ಕೆ ಚೆಲ್ಲಬೇಡಿ, ಮೀನು ಸಾಯುತ್ತವೆ.

ಮಳೆಗಾಲಕ್ಕೆ ಅಂತ ಒಟ್ಟಿದ ಸೌದೆಯನ್ನು ಈಗ ತೆಗೆಯಲು ಆಗುವುದಿಲ್ಲ, ನನಗೆ ಗೊತ್ತು. ಕೋಳಿ ಸಿಗದಿದ್ದರೂ ಈ ನುಸಿ ಸಂದಿನಲ್ಲಿ ತಿಂಗಳುಗಟ್ಟಲೆ ಹಸಿದುಕೊಂಡು ಬದುಕಿರುತ್ತದೆ. ಹಾಗಾಗಿ ಈ ಮಳೆಗಾಲ ಮುಗಿಯುವ ತನಕ ಯಾವ ಕೋಳಿಯೂ ಆ ಕೊಟ್ಟಿಗೆಯಲ್ಲಿ ಮಲಗಬಾರದು. ಬೇರೆ ಕೋಳಿಗಳು ರಾತ್ರಿ ಎಲ್ಲಿ ಕೂರುತ್ತವೆ ಅಂತ ನೀವು ಬರೆದಿಲ್ಲ. ಅಲ್ಲೂ ಬಿಳಿ ಬಟ್ಟೆ ಉಜ್ಜಿ ನೋಡಿ. ಚೆನ್ನಾಗಿವೆ ಅಂತ ಕಂಡರೂ ಅವುಗಳ ಮೈಗೂ ಪುಡಿ ಹಾಕಿ. ಹೊಸ ಒಡ್ಡಿ ಮಾಡುವುದಾದರೆ ಕೋಳಿ ಕೂರುವ ಗಳ ಗೋಡೆಗೆ ತಾಗಬಾರದು. ಗಳಕ್ಕೆ ನಾಲ್ಕು ಕಾಲು ಕೊಟ್ಟು, ಒಂದೊಂದು ಕಾಲನ್ನೂ ಹಳೇ ಎಣ್ಣೆ ಹಾಕಿದ ಡಬ್ಬಿಯಲ್ಲಿ ನಿಲ್ಲಿಸಿ. ನೆಲದಿಂದ ಮೇಲೆ ಹತ್ತುವ ನುಸಿ ಅಲ್ಲೇ ಮುಳುಗುತ್ತದೆ. ಖರ್ಚಿಲ್ಲದ ಉಪಾಯ, ಇದನ್ನು ಮಾಡಿದ ಮನೆಗಳಲ್ಲಿ ನುಸಿ ಕಾಟ ಕಡಿಮೆ ಆದದ್ದು ನಾನು ನೋಡಿದ್ದೇನೆ.

ಮೈಗೆ ಪುಡಿ, ಗೂಡಿಗೆ ಬಿಸಿನೀರು, ಎರಡನ್ನೂ ಏಳರಿಂದ ಹತ್ತು ದಿನದೊಳಗೆ ಇನ್ನೊಮ್ಮೆ ಮಾಡಬೇಕು. ಮೊದಲ ಸಲ ಸತ್ತದ್ದು ದೊಡ್ಡ ನುಸಿ. ಮೊಟ್ಟೆಯಲ್ಲಿ ಉಳಿದದ್ದು ಅಷ್ಟು ಹೊತ್ತಿಗೆ ಹೊರಗೆ ಬಂದು ಬೆಳೆದಿರುತ್ತದೆ. ಈ ಎರಡನೇ ಸಲವನ್ನು ಬಿಟ್ಟುಬಿಡುವವರೇ ಜಾಸ್ತಿ. ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ.

ನಿಮ್ಮ ಕೈ ತುರಿಕೆಗೆ ಹೆದರಬೇಡಿ. ಕೋಳಿ ನುಸಿ ಮನುಷ್ಯರನ್ನು ಕಚ್ಚುತ್ತದೆ, ಆದರೆ ನಮ್ಮ ಮೈಯಲ್ಲಿ ಮನೆ ಮಾಡುವುದಿಲ್ಲ. ಬಿಸಿನೀರಿನ ಸ್ನಾನ ಮಾಡಿ, ಬಟ್ಟೆ ಬಿಸಿನೀರಲ್ಲಿ ಒಗೆಯಿರಿ. ಕೊಪ್ಪ, ನರಸಿಂಹರಾಜಪುರ ಕಡೆಯವರಿಗೆ ಕಚ್ಚುವ ಹುಳ ಅಂದ ಕೂಡಲೇ ಮಂಗನ ಕಾಯಿಲೆ ನೆನಪಾಗುವುದು ಸಹಜ. ಅದನ್ನು ಹರಡುವುದು ಕಾಡಿನ ಉಣುಗು, ಈ ನುಸಿ ಅಲ್ಲ. ಹಾಗಿದ್ದರೂ ಕಾಡಿಗೆ ಹೋಗಿ ಬಂದವರಿಗೆ ಜ್ವರ ಬಂದರೆ ಆಸ್ಪತ್ರೆಗೆ ಹೋಗಲೇಬೇಕು.

ಇನ್ನೊಂದು ಕೆಲಸ ಈ ವಾರವೇ ಮಾಡಿ. ಹೇಂಟೆಯ ತಾಜಾ ಹಿಕ್ಕೆಯನ್ನು ಸಣ್ಣ ಡಬ್ಬಿಯಲ್ಲಿ ಹಾಕಿ ಕೊಪ್ಪದ ಪಶು ಆಸ್ಪತ್ರೆಗೆ ಕೊಡಿ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಹೊಟ್ಟೆ ಹುಳದ ಮೊಟ್ಟೆ ಕಾಣುತ್ತದೆ. ಮಲೆನಾಡಿನ ಒದ್ದೆ ನೆಲದಲ್ಲಿ ತಿರುಗುವ ಕೋಳಿಗೆ ಹುಳ ಇಲ್ಲದಿರುವುದೇ ಕಡಿಮೆ. ಶಾವಿಗೆ ಎಳೆಯ ಹಾಗಿರುವ ಬಿಳಿ ಹುಳ, ಕೆಲವು ನಾಲ್ಕು ಇಂಚು ಉದ್ದ ಇರುತ್ತವೆ. ಇದ್ದರೆ ಡಾಕ್ಟರು ಮದ್ದು ಕೊಡುತ್ತಾರೆ. ಆದರೆ ತೀರಾ ಸೋತ ಕೋಳಿಗೆ ಮೊದಲ ದಿನವೇ ಹುಳದ ಮದ್ದು ಬೇಡ. ಮೂರು ನಾಲ್ಕು ದಿನ ತಿಂದು ಸ್ವಲ್ಪ ಗಟ್ಟಿಯಾಗಲಿ.

ಎರಡು ದಿನಕ್ಕೊಮ್ಮೆ ಹೇಂಟೆಯನ್ನು ಚೀಲದಲ್ಲಿ ಹಾಕಿ ತೂಕ ನೋಡಿ ಬರೆದಿಡಿ. ಕಣ್ಣಿಗೆ ಮೋಸ ಆಗಬಹುದು, ತೂಕಕ್ಕೆ ಆಗುವುದಿಲ್ಲ. ಮೊದಲು ಕಾಣುವ ಒಳ್ಳೆ ಲಕ್ಷಣ ಅಂದರೆ ಕೊಕ್ಕಿನಿಂದ ಪುಕ್ಕ ತಿದ್ದಿಕೊಳ್ಳುವುದು. ಆಮೇಲೆ ಕಾಲಿನಿಂದ ಹೊಟ್ಟು ಕೆದರಲು ಶುರು ಮಾಡುತ್ತದೆ. ಜುಟ್ಟಿಗೆ ಕೆಂಪು ಬರುವುದು ಕೊನೆಗೆ, ಎರಡು ಮೂರು ವಾರ ಹಿಡಿಯಬಹುದು. ಮೂರು ದಿನ ಕಳೆದರೂ ತಿನ್ನದಿದ್ದರೆ, ನಿಲ್ಲಲು ಆಗದಿದ್ದರೆ, ಹಿಕ್ಕೆಯಲ್ಲಿ ರಕ್ತ ಬಂದರೆ ಕಾಯಬೇಡಿ, ಆಸ್ಪತ್ರೆಗೆ ಒಯ್ಯಿರಿ.

ಅಕಸ್ಮಾತ್ ಉಳಿಯದಿದ್ದರೆ, ಅದನ್ನು ಹಳ್ಳಕ್ಕೋ ಪೊದೆಗೋ ಎಸೆಯಬೇಡಿ. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಐಸ್ ಇಟ್ಟು, ಅವತ್ತೇ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿಗೆ ಕೊಟ್ಟರೆ ಕೊಯ್ದು ನೋಡಿ ಕಾರಣ ಹೇಳುತ್ತಾರೆ. ನಿಮ್ಮ ಕಡೆಯಿಂದ ಹಾಸನದ ಕಾಲೇಜಿಗಿಂತ ಅದೇ ಹತ್ತಿರ. ಫ್ರೀಜರಿನಲ್ಲಿ ಇಡಬೇಡಿ, ಗಡ್ಡೆ ಕಟ್ಟಿದರೆ ಒಳಗಿನದು ಸರಿಯಾಗಿ ಕಾಣುವುದಿಲ್ಲ. ಒಯ್ಯಲು ಆಗದಿದ್ದರೆ ಆಳವಾಗಿ ಹೂತು ಮೇಲೆ ಸುಣ್ಣ ಹಾಕಿ. ಮೂರು ನಾಲ್ಕು ಕೋಳಿ ಒಂದೇ ದಿನ ಸತ್ತರೆ ಮಾತ್ರ ನೀವು ಮುಟ್ಟಲೇ ಹೋಗಬೇಡಿ, ಪಶುಪಾಲನಾ ಇಲಾಖೆಗೆ ಫೋನ್ ಮಾಡಿ. ಹಕ್ಕಿಜ್ವರ ಅಲ್ಲ ಅಂತ ಅವರೇ ನೋಡಿ ಹೇಳಬೇಕು.

ಕೊಕ್ಕರೆ ರೋಗದ ಮಾತು ಹೇಗೂ ಬಂತು, ಆದ್ದರಿಂದ ಲಸಿಕೆ ವಿಷಯ. ಎಂಟು ವಾರ ದಾಟಿದ, ಆರೋಗ್ಯವಾಗಿರುವ ಕೋಳಿಗಳಿಗೆ ಆರ್‌ಟುಬಿ ಅನ್ನುವ ಲಸಿಕೆ ಹಾಕಿಸಬೇಕು. ಮರಿಗಳಿಗೆ ಮೊದಲ ವಾರದಲ್ಲೇ ಕಣ್ಣಿಗೋ ಮೂಗಿಗೋ ಹನಿ ಹಾಕುವ ಬೇರೆ ಲಸಿಕೆ ಇದೆ. ನಿಮ್ಮ ಮರಿಗಳಿಗೆ ಆ ವಾರ ದಾಟಿದೆ, ಸುಧಾರಿಸಿಕೊಂಡ ಮೇಲೆ ಡಾಕ್ಟರನ್ನು ಕೇಳಿ ಹಾಕಿಸಿ. ಲಸಿಕೆಯ ಒಂದು ಬಾಟಲಿಯಲ್ಲಿ ನೂರು ಕೋಳಿಗೆ ಆಗುವಷ್ಟು ಇರುತ್ತದೆ. ಒಮ್ಮೆ ಕಲಸಿದರೆ ಐಸ್ ಮೇಲೆ ಇಟ್ಟುಕೊಂಡು ಒಂದೆರಡು ಗಂಟೆಯಲ್ಲಿ ಮುಗಿಸಬೇಕು. ಹತ್ತು ಕೋಳಿಗೆ ಅಂತ ಯಾರೂ ಬಾಟಲಿ ಒಡೆಯುವುದಿಲ್ಲ. ಅದಕ್ಕೆ ಆ ಪಕ್ಕದ ಮನೆಯವರನ್ನೂ, ಕೇರಿಯ ನಾಲ್ಕಾರು ಮನೆಯವರನ್ನೂ ಸೇರಿಸಿ, ಎಲ್ಲರ ಕೋಳಿ ಲೆಕ್ಕ ಬರೆದುಕೊಂಡು ಆಸ್ಪತ್ರೆಗೆ ಹೋಗಿ ದಿನ ಗೊತ್ತು ಮಾಡಿಸಿ. ಬೆಳಿಗ್ಗೆ ಕೋಳಿಗಳನ್ನು ಒಡ್ಡಿಯಿಂದ ಬಿಡುವ ಮೊದಲೇ ಬರಲು ಹೇಳಿ. ನಿಮ್ಮ ಈ ಹೇಂಟೆಗೆ ಅವತ್ತು ಹಾಕಿಸಬೇಡಿ, ಜುಟ್ಟು ಕೆಂಪಾಗಿ ತೂಕ ವಾಪಸ್ ಬಂದ ಮೇಲೆ ಹಾಕಿಸಿದರೆ ಸಾಕು.